ಸಂಬಳವೂ ಸೇವೆಯ ಖರ್ಚೇ ರೀ!

ನಮಸ್ಕಾರ ಎಲ್ಲರಿಗೂ. ಹೋದ ಎಪಿಸೋಡ್ ಕೆಳಗೆ ಒಬ್ಬರು ಬರೆದಿದ್ದಾರೆ: ‘ಸೇವೆ ಅಂದ ಮೇಲೆ ಸೇವಾ ಸಂಸ್ಥೆಯಲ್ಲಿ ಕೆಲಸ ಮಾಡುವವರಿಗೆ ಸಂಬಳ ಯಾಕೆ? ನಾನು ಕೊಟ್ಟ ದುಡ್ಡು ಪೂರ್ತಿ ಬಡ ಮಕ್ಕಳಿಗೇ ಹೋಗಬೇಕು.’ ಅದಕ್ಕೆ ಲೈಕ್‌ಗಳ ಸುರಿಮಳೆ ಬೇರೆ. ನನಗೆ ಮೈ ಉರಿದುಹೋಯಿತು.

ಪೂರ್ತಿ ಮಕ್ಕಳಿಗೇ ಹೋಗಬೇಕು, ಸರಿ. ಹೇಗೆ ಹೋಗುತ್ತೆ? ನೋಟು ತಾನೇ ಎದ್ದು ಹೋಗಿ ಮಗುವಿಗೆ ಅಕ್ಷರ ಕಲಿಸುತ್ತಾ? ಯಾರೋ ಒಬ್ಬರು ಹೋಗಬೇಕು. ದಿನಾ ಹೋಗಬೇಕು. ಅವರಿಗೂ ಮನೆ ಬಾಡಿಗೆ ಇದೆ, ಹೊಟ್ಟೆ ಇದೆ ಅಲ್ವಾ?

ಬಾಂಗ್ಲಾದೇಶದ ಬ್ರಾಕ್ ಸಂಸ್ಥೆಯ ಕೆಲಸ ನೋಡಿ. ವಾಂತಿಭೇದಿ ಬಂದರೆ ಕೂಸುಗಳು ಉಳಿಯುವುದೇ ಕಷ್ಟ ಅನ್ನುವ ಕಾಲ. 1980ರಿಂದ ಹತ್ತು ವರ್ಷ ಅವರ ಕಾರ್ಯಕರ್ತೆಯರು ಮನೆಮನೆ ಸುತ್ತಿದರು. ವಾಂತಿಭೇದಿಯಾದ ಮಗುವಿಗೆ ಕುಡಿಸುವ ನೀರು ಮಾಡೋದು ಹೇಗೆ ಅಂತ ಕಲಿಸಿದರು: ಮೂರು ಬೆರಳಿಗೆ ಸಿಕ್ಕಷ್ಟು ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ತಾಯಿಯ ಕೈಯಲ್ಲೇ ಕಲಸಿಸಿ, ಅವಳ ಬಾಯಲ್ಲೇ ಹೇಳಿಸಿ ಬಂದರು. ಆಮೇಲೆ ಬೇರೆಯವರು ಹೋಗಿ ತಾಯಿಗೆ ಎಷ್ಟು ನೆನಪಿದೆ ಅಂತ ಕೇಳುತ್ತಿದ್ದರು. ಕಲಿಸಿದವಳಿಗೆ ಎಷ್ಟು ದುಡ್ಡು ಅನ್ನೋದು ಆ ಉತ್ತರದ ಮೇಲೆ! ಹೀಗೆ 1 ಕೋಟಿ 20 ಲಕ್ಷ ಮನೆ ತಲುಪಿದರು. ಈಗ ಹೇಳಿ, ಇಲ್ಲಿ ಹಂಚಿದ್ದು ಏನು? ಉಪ್ಪೂ ಬೆಲ್ಲವೂ ಆ ಮನೆಯದ್ದೇ. ದಾನದ ದುಡ್ಡು ಹೋಗಿದ್ದು ನಡೆದವರಿಗೆ, ಕಲಿಸಿದವರಿಗೆ, ಪರೀಕ್ಷೆ ಮಾಡಿದವರಿಗೆ. ಸಂಬಳ ತೆಗೆದರೆ ಅಲ್ಲಿ ಏನೂ ಉಳಿಯಲ್ಲ.

ನಮ್ಮಲ್ಲೇ ಪ್ರಥಮ್ ಸಂಸ್ಥೆಯ ‘ಬಾಲಸಖಿ’ಯರಿದ್ದರು. ಅದೇ ಬಡಾವಣೆಯ, ಶಾಲೆ ಮುಗಿಸಿದ ಹೆಣ್ಣುಮಕ್ಕಳು. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿಕೊಂಡು ಮೊದಲಿಂದ ಕಲಿಸಿದರು. ಮುಂಬೈ, ವಡೋದರಾದಲ್ಲಿ ಇದನ್ನು ಅಳೆದು ನೋಡಿ, ಮಕ್ಕಳು ನಿಜವಾಗಿಯೂ ಕಲಿತಿದ್ದಾರೆ ಅಂತ ಹೇಳಿದವರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಇದ್ದರು. 2019ರ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರು. ಮಗುವಿಗೆ ಓದು ಬಂತು, ಯುವತಿಗೆ ಕೈಯಲ್ಲಿ ನಾಲ್ಕು ಕಾಸು ಬಂತು. ಇದು ದುಡ್ಡು ಪೋಲಾಗಿದ್ದಾ?

‘ಸ್ವಯಂಸೇವಕರು ಸಾಕು’ ಅಂತೀರಿ. ಅವರ ಬಗ್ಗೆ ನನಗೆ ಗೌರವ ಇದೆ. ಆದರೆ ಅವರು ಬರೋದು ಭಾನುವಾರ. ಪರೀಕ್ಷೆ ಬಂದರೆ ಬರಲ್ಲ, ಕೆಲಸ ಸಿಕ್ಕರೆ ಬರಲ್ಲ. ಸೋಮವಾರ ಮಗುವಿಗೆ ಯಾರು?

‘ಕಳ್ಳ ಸಂಸ್ಥೆಗಳಿಲ್ವಾ?’ ಇವೆ ಕಣ್ರೀ. ಲೆಕ್ಕ ಕೇಳಿ, ಆಡಿಟ್ ರಿಪೋರ್ಟ್ ಕೇಳಿ, ಬಿಡಬೇಡಿ. ಅದಕ್ಕೆ ಟೀಚರ್ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ? ಸಂಸ್ಥೆಗಳಿಗೆ ಬರುವ ವಿದೇಶಿ ದೇಣಿಗೆಯಲ್ಲಿ ಆಡಳಿತ ಖರ್ಚಿನ ಮಿತಿಯನ್ನು ನಮ್ಮ ದೇಶದ ಕಾನೂನಿನಲ್ಲಿ 2020ರಲ್ಲಿ ಶೇ 50ರಿಂದ ಶೇ 20ಕ್ಕೆ ಇಳಿಸಿದರು. ಆದರೂ ಅದರ ನಿಯಮದಲ್ಲಿ ಶಾಲೆಯ ಶಿಕ್ಷಕರ ಸಂಬಳ, ಆಸ್ಪತ್ರೆಯ ಡಾಕ್ಟರ ಸಂಬಳ ಆಡಳಿತ ಖರ್ಚಲ್ಲ. ಕಾನೂನಿಗೆ ಗೊತ್ತಿರೋದು ನಮಗೆ ಗೊತ್ತಾಗಲ್ವಾ?



ಸೇವೆ ಮಾಡುವವಳು ಹಳೇ ಸೀರೆ ಉಟ್ಟು, ಬಸ್ ಚಾರ್ಜಿಗೂ ಕೈಯಿಂದ ಹಾಕಿಕೊಂಡರೇ ನಮಗೆ ಸಮಾಧಾನ. ಯಾಕ್ರೀ? ಅವಳ ಮಗುವಿಗೂ ಫೀಸು ಕಟ್ಟಬೇಕು ತಾನೇ? ಸಂಬಳ ಕೊಡಿ! ಸರಿಯಾಗಿ ಕೊಡಿ, ಒಂದನೇ ತಾರೀಕಿಗೆ ಕೊಡಿ! ಮುಂದಿನ ಸಲ ದಾನ ಮಾಡುವಾಗ ‘ನಿಮ್ಮ ಕಾರ್ಯಕರ್ತೆಯರಿಗೆ ತಿಂಗಳಿಗೆ ಎಷ್ಟು ಕೊಡ್ತೀರಿ?’ ಅಂತ ನೀವೇ ಫೋನ್ ಮಾಡಿ ಕೇಳಿ. ಅವರು ಏನು ಹೇಳಿದರು ಅಂತ ನನಗೆ ಬರೆದು ಕಳಿಸಿ, ಮುಂದಿನ ವಾರ ಓದ್ತೀನಿ.