‘ರಿಜೆಕ್ಟ್ ಆದ್ರ ಕೋರ್ಟಿನ್ಯಾಗ ನೋಡೋಣು’ ಅನ್ನೋರನ್ನ ನಂಬಬ್ಯಾಡ್ರಿ

ನಮಸ್ಕಾರ್ರೀ, ಬಾಗಲಕೋಟೆಯಿಂದ ಮಾತಾಡಾಕತ್ತೀನಿ. ಇವತ್ತು ಆಸ್ಟ್ರೇಲಿಯಾದ ಪ್ರೊಟೆಕ್ಷನ್ ವೀಸಾದ ಬಗ್ಗೆ, ಅಂದ್ರ ನಿರಾಶ್ರಿತರಿಗೆ ಕೊಡೋ ರಕ್ಷಣೆಯ ವೀಸಾದ ಬಗ್ಗೆ ಹೇಳಬೇಕಾಗೇತಿ. ಹುಡುಗರಿಗೆ ಏಜೆಂಟರು ಹೇಳೋ ಮಾತು ಒಂದ: "ಮೊದಲ ಅರ್ಜಿ ಹಾಕು, ರಿಜೆಕ್ಟ್ ಆದ್ರ ಕೋರ್ಟಿನ್ಯಾಗ ನೋಡೋಣು." ಈ ಮಾತಿನಷ್ಟು ಹಾಳು ಮಾಡೋದು ಮತ್ತೊಂದಿಲ್ಲ.

ನಾವು ಮುಳುಗಡೆ ಮಂದಿ. ಕೋರ್ಟು ನಮಗ ಹೊಸದಲ್ಲ. ಆಲಮಟ್ಟಿ ಹಿನ್ನೀರಿಗೆ ಹೊಲ ಕಳಕೊಂಡವರು ಪರಿಹಾರ ಕಡಿಮಿ ಆತು ಅಂತ ಸಿವಿಲ್ ಕೋರ್ಟಿಗೆ ಹೋದ್ರು, ಹೈಕೋರ್ಟಿಗೂ ಹೋದ್ರು. ಜಡ್ಜ್ ಸಾಹೇಬ್ರು ಸಾಕ್ಷಿ ಕೇಳಿ, ಎಕರೆಗೆ ಇಷ್ಟು ಅಂತ ತಾವ ರೇಟು ಏರಿಸಿದ್ರು. ಹಂಗಾಗಿ ಕೆಳಗ ಸೋತರೂ ಮ್ಯಾಲ ಸಿಗತೈತಿ ಅನ್ನೋದು ನಮ್ಮ ತಲ್ಯಾಗ ಕುಂತುಬಿಟ್ಟೈತಿ. ಆಸ್ಟ್ರೇಲಿಯಾದ ಕೋರ್ಟು ಆ ನಮೂನಿದಲ್ಲ. ವೀಸಾ ಕೊಡೋ ಅಧಿಕಾರನ ಅದಕ್ಕಿಲ್ಲ.

ಅಲ್ಲಿಯ ವೀಸಾ ಇಲಾಖೆ ಅರ್ಜಿ ರಿಜೆಕ್ಟ್ ಮಾಡಿದ್ರ ಮೊದಲು ಟ್ರಿಬ್ಯೂನಲ್‌ಗೆ, ಅಂದ್ರ ಇಲಾಖೆ ತೀರ್ಪನ್ನ ತಿರುಗಿ ನೋಡೋ ಮಂಡಳಿಗೆ, ಹೋಗಬೇಕು. 2024ರ ಅಕ್ಟೋಬರ್‌ನಿಂದ ಅದರ ಹೆಸರು ಅಡ್ಮಿನಿಸ್ಟ್ರೇಟಿವ್ ರಿವ್ಯೂ ಟ್ರಿಬ್ಯೂನಲ್. ನಿಮ್ಮ ಕತಿ ಪೂರಾ ಕೇಳಿ, ಖರೇನೋ ಸುಳ್ಳೋ ಅಂತ ತೂಗೋದು ಅಲ್ಲಿಗೇ ಮುಗೀತು. ಅಲ್ಲಿ ಸೋತರ ಫೆಡರಲ್ ಸರ್ಕ್ಯೂಟ್ ಅಂಡ್ ಫ್ಯಾಮಿಲಿ ಕೋರ್ಟ್. ನಿಮ್ಮ ಜೀವಕ್ಕ ಅಪಾಯ ಐತೋ ಇಲ್ಲೋ ಅಂತ ಈ ಜಡ್ಜ್ ತೀರ್ಮಾನ ಮಾಡಂಗಿಲ್ಲ. ಟ್ರಿಬ್ಯೂನಲ್ ಕಾನೂನು ತಪ್ಪಿ ನಡದೈತೇನು, ಅಷ್ಟ ನೋಡತಾರ. ನೀವು ಹೇಳಿದ ಮುಖ್ಯ ಮಾತನ್ನ ಲೆಕ್ಕಕ್ಕ ತಗೊಳ್ಳಲೇ ಇಲ್ಲ, ದುಭಾಷಿ ತಪ್ಪು ಹೇಳಿದ್ದಕ್ಕ ನಿಮ್ಮ ಹೇಳಿಕೆನ ಕೆಟ್ಟುಹೋತು, ಇಂಥಾವು. ಗೆದ್ದರೂ ಕೇಸು ತಿರುಗಿ ಟ್ರಿಬ್ಯೂನಲ್‌ಗೆ ಹೋಗತೈತಿ. ಸೋತರ ಸರಕಾರದ ವಕೀಲರ ಖರ್ಚೂ ಸಾಮಾನ್ಯವಾಗಿ ನಿಮ್ಮ ಮ್ಯಾಲ ಬೀಳತೈತಿ.

ದಿನದ ಲೆಕ್ಕ ಇಟ್ಕೊಳ್ರಿ. ಟ್ರಿಬ್ಯೂನಲ್‌ಗೆ 28 ದಿನ, ಬಂಧನದಾಗ ಇದ್ದವರಿಗೆ ಇನ್ನೂ ಕಡಿಮಿ. ಕೋರ್ಟಿಗೆ 35 ದಿನ, ಅದೂ ಟ್ರಿಬ್ಯೂನಲ್ ತೀರ್ಪಿನ ತಾರೀಖಿನಿಂದ. ತಡ ಆದ್ರ ಯಾಕ ಅಂತ ಬರದು ಕೋರ್ಟನ್ನ ಕೇಳಬಹುದು, ಒಪ್ಪೋದು ಬಿಡೋದು ಅವರಿಗೆ ಬಿಟ್ಟದ್ದು.

ನನಗ ಸಿಟ್ಟು ಬರೋದು ಏಜೆಂಟರು ಅರ್ಜಿಗೆ ಹಚ್ಚೋ ಹೇಳಿಕೆ ಬರಿಯೋ ರೀತಿಗೆ. "ಸಾಲಗಾರರಿಂದ ಜೀವ ಬೆದರಿಕೆ ಇದೆ, ಪೊಲೀಸರು ಸಹಾಯ ಮಾಡುವುದಿಲ್ಲ." ಊರಿಲ್ಲ, ತಾರೀಖಿಲ್ಲ, ಮನುಷ್ಯನ ಹೆಸರಿಲ್ಲ. ನಿರಾಶ್ರಿತ ಅನ್ನಿಸಿಕೊಳ್ಳಾಕ ಕಾನೂನು ಕೇಳೋ ಕಾರಣ ಐದು: ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ನಿರ್ದಿಷ್ಟ ಸಾಮಾಜಿಕ ಗುಂಪು. ಬರೇ ಸಾಲ ಇದರಾಗ ಬರಂಗಿಲ್ಲ. ಮ್ಯಾಲ, "ಬಾಗಲಕೋಟೆಯಾಗ ಭಯ ಇದ್ರ ಪುಣೇದಾಗೋ ಬೆಂಗಳೂರಾಗೋ ಇರಬಹುದಲ್ಲ?" ಅಂತ ಕೇಳತಾರ. ಅದಕ್ಕ ಏಜೆಂಟನ ಕಾಗದದಾಗ ಉತ್ತರ ಇರಂಗಿಲ್ಲ. ಒಮ್ಮೆ ರಿಜೆಕ್ಟ್ ಆದ್ರ ಅಲ್ಲೇ ಇದ್ದು ಎರಡನೇ ಅರ್ಜಿ ಹಾಕಾಕ ಮಂತ್ರಿನ ದಾರಿ ಬಿಡಬೇಕು.

ಇದರ ಪೆಟ್ಟು ಖರೇ ಭಯ ಇದ್ದವರಿಗೂ ಬೀಳತೈತಿ. ಜಾತಿ ಮೀರಿ ಮದುವಿಯಾಗಿ, ಮನಿ ಮಂದಿನ ಬೆನ್ನು ಹತ್ತಿದ್ದಕ್ಕ ಊರು ಬಿಟ್ಟ ಹುಡುಗಿ ಒಬ್ಬಾಕಿ ಇದ್ದಾಳ ಅಂತ ತಿಳೀರಿ. ಇಂಥಾ ನಕಲು ಹೇಳಿಕೆ ನೂರು ಓದಿದ ಅಧಿಕಾರಿ ಆಕಿ ಮಾತನ್ನೂ ಸಂಶಯದಿಂದನ ಕೇಳತಾನ. ಇದು ಅನ್ಯಾಯ.

ಖರೇ ಕಾರಣ ಇದ್ದವರು ಮೊದಲನೇ ದಿನಾನ ಎಲ್ಲಾ ಹೇಳ್ರಿ. ಟ್ರಿಬ್ಯೂನಲ್‌ನ್ಯಾಗ ಹೊಸ ಮಾತು ತಗದ್ರ, ಮೊದಲ ಯಾಕ ಹೇಳಲಿಲ್ಲ ಅನ್ನೋದಕ್ಕ ಸರಿಯಾದ ಕಾರಣ ಕೊಡಬೇಕು, ಇಲ್ಲಂದ್ರ ನಂಬಿಕಿ ಹೋಗತೈತಿ. ಹಿಂದಿ ಅರ್ಧಂಬರ್ಧ ಬರತಿದ್ರ ಕನ್ನಡದ ದುಭಾಷಿನ ಬೇಕು ಅಂತ ಬರದು ಕೊಡ್ರಿ. ಊರಾಗ ಮಾನ ಹೋಗತೈತಿ ಅಂತ ಅಂಜಬ್ಯಾಡ್ರಿ, ನಿರಾಶ್ರಿತರ ಕೇಸಿನ್ಯಾಗ ಕೋರ್ಟು ಹೆಸರು ಹೊರಗ ಹಾಕಂಗಿಲ್ಲ, ಬರೇ ಅಕ್ಷರ, ಅಂಕಿ ಇರತಾವ.

ನಮ್ಮ ದೇಶ 1951ರ ನಿರಾಶ್ರಿತರ ಒಪ್ಪಂದಕ್ಕ ಸಹಿ ಹಾಕಿಲ್ಲ, ಇಲ್ಲಿಯ ವಕೀಲರಿಗೆ ಈ ಕೆಲಸದ ರೂಢಿ ಕಡಿಮಿ. ಅಲ್ಲಿ ಸಿಡ್ನಿಯಾಗ ರೆಫ್ಯೂಜಿ ಅಡ್ವೈಸ್ ಅಂಡ್ ಕೇಸ್‌ವರ್ಕ್ ಸರ್ವಿಸ್, ಮೆಲ್ಬರ್ನ್‌ದಾಗ ರೆಫ್ಯೂಜಿ ಲೀಗಲ್ ಅಂತ ಬಡವರಿಗೆ ಸಲಹೆ ಕೊಡೋ ಸಂಸ್ಥೆ ಅದಾವ. ಮಗ ಫೋನ್ ಮಾಡಿ ರಿಜೆಕ್ಟ್ ಆತು ಅಂದ್ರ ಏಜೆಂಟಗ ರೊಕ್ಕ ಕಳಸಬ್ಯಾಡ್ರಿ. ತೀರ್ಪಿನ ತಾರೀಖು ಯಾವುದು ಕೇಳ್ರಿ, ಆ ಕಾಗದ ಹಿಡ್ಕೊಂಡು ಅದ ದಿನ ಈ ಸಂಸ್ಥೆಯವರ ಕಡೆ ಹೋಗು ಅನ್ರಿ.