ಡಬ್ಬಿಯಲ್ಲಿರುವ ಹಳೆ ನಾಣ್ಯಕ್ಕೆ ನಿಜವಾಗಿ ಎಷ್ಟು ಬೆಲೆ?

[ಮೇಜಿನ ಮೇಲೆ ಒಂದು ಐದು ರೂಪಾಯಿ ನಾಣ್ಯ. ಕ್ಯಾಮೆರಾ ನಿಧಾನವಾಗಿ ಹತ್ತಿರ ಹೋಗುತ್ತದೆ.]

ನಮಸ್ಕಾರ. ಈ ನಾಣ್ಯದ ಮೇಲೆ ಯಾರಿದ್ದಾರೆ, ಗುರುತು ಸಿಕ್ಕಿತಾ? ಬಸವಣ್ಣನವರು. 2006ರ ನಾಣ್ಯ ಇದು. ನಮ್ಮ ಕಾಕಾ ಅವರದು. ಕಾಕಾ ಇರುವುದು ಬಸವನ ಬಾಗೇವಾಡಿಯಲ್ಲಿ. ಬಸವಣ್ಣ ಹುಟ್ಟಿದ ಊರಿನಲ್ಲೇ ಬಸವಣ್ಣನ ನಾಣ್ಯ ಕೈಗೆ ಬಂತು ಅಂತ ದೇವರ ಜಗಲಿ ಮೇಲೆ ಇಟ್ಟಿದ್ದರು.

ಒಂದು ದಿನ ಕಾಕಾ ಫೋನಿನಲ್ಲಿ ಒಂದು ವಿಡಿಯೋ ನೋಡಿದರು. 'ಈ ನಾಣ್ಯ ನಿಮ್ಮ ಹತ್ತಿರ ಇದ್ದರೆ ನಾಲ್ಕು ಲಕ್ಷ' ಅಂತ. ಅದರಲ್ಲಿದ್ದ ನಂಬರಿಗೆ ಫೋಟೋ ಕಳಿಸಿದರು. ಹತ್ತೇ ನಿಮಿಷದಲ್ಲಿ ಫೋನ್ ಬಂತು. ಮೊದಲು ನೋಂದಣಿ ಫೀ 1,250 ರೂಪಾಯಿ. ಮರುದಿನ ಜಿಎಸ್‌ಟಿ ಅಂತ 6,000. ಆಮೇಲೆ ಕೊರಿಯರ್ ವಿಮೆ. ಅಲ್ಲಿಗೆ ಫೋನ್ ಬಂದ್ ಆಯಿತು.

'ರೊಕ್ಕ ಹೋದ್ರ ಹೋಗ್ಲಿ ತಮ್ಮಾ, ಮನ್ಯಾಗ ಏನಂತ ಹೇಳ್ಲಿ?' ಅಂದರು ಕಾಕಾ. ಅವರು ಹಾಗೆ ಕೇಳಿದ್ದಕ್ಕೇ ಈ ವಿಡಿಯೋ ಮಾಡುತ್ತಿದ್ದೇನೆ.

ಮೊದಲು ಒಂದು ಮಾತು ಗಟ್ಟಿಯಾಗಿ ಹೇಳಿಬಿಡುತ್ತೇನೆ. ನಾಣ್ಯ ಕೊಳ್ಳುವವರು ನಿಮಗೆ ದುಡ್ಡು ಕೊಡಬೇಕು. ನಿಮ್ಮ ಹತ್ತಿರ ಮೊದಲು ದುಡ್ಡು ಕೇಳಿದರೆ ಅದು ಮೋಸ. ರಿಸರ್ವ್ ಬ್ಯಾಂಕ್ ಹೆಸರು ಹೇಳಿಕೊಂಡೂ ಕೇಳುತ್ತಾರೆ. ಹಳೆ ನಾಣ್ಯ, ನೋಟಿನ ವ್ಯವಹಾರ ನಾವು ಮಾಡುವುದಿಲ್ಲ, ಅದಕ್ಕೆ ಯಾವ ಫೀ, ಕಮಿಷನ್ನೂ ಕೇಳುವುದಿಲ್ಲ ಅಂತ 2021ರ ಆಗಸ್ಟಿನಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ಈಗಾಗಲೇ ದುಡ್ಡು ಹಾಕಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾಚಿಕೆಪಟ್ಟು ಸುಮ್ನೆ ಕೂರಬೇಡಿ. ಕಾಕಾ ಎಂಟು ದಿನ ಯಾರಿಗೂ ಹೇಳಿರಲಿಲ್ಲ.

[ಕಾಕಾನ ತಗಡಿನ ಡಬ್ಬಿ. ನಾಣ್ಯಗಳನ್ನು ಬಟ್ಟೆ ಮೇಲೆ ಸುರುವುವುದು.]

ಈಗ ಡಬ್ಬಿ ನೋಡೋಣ. ಚಾರಾಣೆ, ಎಂಟಾಣೆ, ಹತ್ತು ಪೈಸೆ, ತೂತಿನ ಕಾಸು, ಎಲ್ಲ ಇದೆ. ಚಾರಾಣೆ ಮತ್ತು ಅದಕ್ಕಿಂತ ಸಣ್ಣ ನಾಣ್ಯ 2011ರ ಜೂನ್ 30ರ ನಂತರ ನಡೆಯುವುದಿಲ್ಲ. ಎಂಟಾಣೆ ಕಾನೂನಿನ ಪ್ರಕಾರ ಇವತ್ತಿಗೂ ನಡೆಯುತ್ತದೆ, ಅಂಗಡಿಯವರು ಏನೇ ಅನ್ನಲಿ.

ತೂತಿನ ಕಾಸು 1943ರಿಂದ 47ರವರೆಗೆ ಬಂದದ್ದು. ಅಷ್ಟು ಹಳೆಯದಾದರೂ ಸಾಮಾನ್ಯ ಸ್ಥಿತಿಯಲ್ಲಿ ಹತ್ತಾರು ರೂಪಾಯಿ, ಅಷ್ಟೇ. ಯಾಕೆ? ರಾಶಿಗಟ್ಟಲೆ ಅಚ್ಚು ಹಾಕಿದ್ದರು. ಇವತ್ತಿಗೂ ಮನೆ ಮನೆಯಲ್ಲಿ ಸಿಗುತ್ತದೆ. ವಯಸ್ಸು ನೋಡಿ ಯಾರೂ ಬೆಲೆ ಕಟ್ಟುವುದಿಲ್ಲ. ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು, ಎಷ್ಟು ಸವೆದಿದೆ, ಇದನ್ನು ನೋಡುತ್ತಾರೆ. ಕಮಲದ ಹೂವಿರುವ ಹಳದಿ 20 ಪೈಸೆಯದೂ ಇದೇ ಕಥೆ. ಅದರಲ್ಲಿ ಬಂಗಾರ ಇದೆ ಅಂತ ಚಿಕ್ಕಂದಿನಲ್ಲಿ ನಾನೂ ನಂಬಿದ್ದೆ. ಇಲ್ಲ, ಅದು ತಾಮ್ರ ಬೆರೆತ ಲೋಹ.

ಇಸವಿ ಕೆಳಗೆ ನೋಡಿ. ಸಣ್ಣ ಚುಕ್ಕೆ ಇದ್ದರೆ ನೋಯ್ಡಾ ಟಂಕಸಾಲೆ. ನಕ್ಷತ್ರ ಇದ್ದರೆ ಹೈದರಾಬಾದ್. ವಜ್ರದ ಆಕಾರ ಇದ್ದರೆ ಮುಂಬೈ. ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಒಂದೇ ಇಸವಿಯ ನಾಣ್ಯ ಒಂದು ಊರಲ್ಲಿ ಜಾಸ್ತಿ, ಇನ್ನೊಂದು ಊರಲ್ಲಿ ಕಡಿಮೆ ಅಚ್ಚಾಗಿರುತ್ತದೆ. ಸಂಗ್ರಹ ಮಾಡುವವರು ಹುಡುಕುವುದು ಆ ಕಡಿಮೆ ಇರುವುದನ್ನು.

[ರಾಣಿ ಮುಖದ ರೂಪಾಯಿ. ಪಕ್ಕದಲ್ಲಿ ಅಯಸ್ಕಾಂತ.]

ಈ ಡಬ್ಬಿಯಲ್ಲಿ ನಿಜವಾಗಿ ಬೆಲೆ ಇರುವುದು ಇದಕ್ಕೆ. ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ. ತೂಕ 11.66 ಗ್ರಾಂ, ಅಂದರೆ ಒಂದು ತೊಲ. ಅದರಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 10.7 ಗ್ರಾಂ ಶುದ್ಧ ಬೆಳ್ಳಿ. ಇವತ್ತಿನ ದರದಿಂದ ಗುಣಿಸಿ. ಎಷ್ಟೇ ಸವೆದಿದ್ದರೂ ಇದರ ಬೆಲೆ ಬೆಳ್ಳಿಯ ಬೆಲೆಗಿಂತ ಕೆಳಗೆ ಇಳಿಯಬಾರದು. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರ ಹುಲಿ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ, ಪೂರ್ತಿ ನಿಕ್ಕಲ್. ಅಯಸ್ಕಾಂತ ಹಿಡಿದು ನೋಡಿ, ಟಕ್ ಅಂತ ಹಿಡಿಯುತ್ತದೆ. ಬೆಳ್ಳಿಯನ್ನು ಅಯಸ್ಕಾಂತ ಎಳೆಯುವುದಿಲ್ಲ.

ಇಲ್ಲಿ ನನಗೆ ತುಂಬ ಸಂಕಟ ಆಗುವ ವಿಷಯ ಒಂದಿದೆ. ದೀಪಾವಳಿ ಅಮಾವಾಸ್ಯೆಗೆ ನಮ್ಮ ಕಡೆ ಲಕ್ಷ್ಮೀ ಪೂಜೆ ಮಾಡುತ್ತಾರಲ್ವಾ? ಹಿಂದಿನ ದಿನ ಈ ರೂಪಾಯಿಗಳನ್ನೆಲ್ಲ ತೆಗೆದು ಹುಣಸೆಹಣ್ಣು, ಬೂದಿ ಹಚ್ಚಿ ಗಸಗಸ ತಿಕ್ಕುತ್ತಾರೆ. ಕಾಕು ನಲವತ್ತು ವರ್ಷ ಹಾಗೇ ಮಾಡಿದ್ದಾರೆ, ಭಕ್ತಿಯಿಂದ. ನೋಡಿ, ರಾಣಿಯ ಕೂದಲಿನ ಗೆರೆ ಒಂದೂ ಉಳಿದಿಲ್ಲ. ಹುಳಿ ಮೇಲ್ಮೈಯನ್ನು ತಿನ್ನುತ್ತದೆ, ಬೂದಿ ಗೀರುತ್ತದೆ. ಹೊಳೆಯುವ ನಾಣ್ಯ ನಮಗೆ ಚೆಂದ. ಗೊತ್ತಿರುವವರಿಗೆ ಅದು ತಿಕ್ಕಿ ಬೆಲೆ ಕಳೆದ ನಾಣ್ಯ. ಕಪ್ಪಾಗಿದ್ದರೆ ಹಾಗೇ ಇರಲಿ. ಮಣ್ಣು ಹತ್ತಿದ್ದರೆ ಬರೀ ನೀರಲ್ಲಿ ಅದ್ದಿ, ಮೆತ್ತನೆ ಬಟ್ಟೆಯ ಮೇಲೆ ಇಟ್ಟು ಆರಿಸಿ. ಅಂಚು ಹಿಡಿದು ಎತ್ತಿ. ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ ಇಡಿ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದ ರೂಪಾಯಿಗೂ ಸಿಗುವುದು ಬೆಳ್ಳಿಯ ದರ ಮಾತ್ರ.

ಇನ್ನು ತಪ್ಪು ಅಚ್ಚಿನ ನಾಣ್ಯ. ಒಮ್ಮೊಮ್ಮೆ ಒಂದು ನಾಣ್ಯ ಅಚ್ಚಿಗೇ ಅಂಟಿಕೊಂಡು ಬಿಡುತ್ತದೆ. ಇನ್ನೂ ಅಚ್ಚಾಗದ ಮುಂದಿನ ಬಿಲ್ಲೆ ಅದರ ಮೇಲೆ ಬಿದ್ದರೆ ಒಂದು ಬದಿಯ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ, ಒಳಗೆ ತಗ್ಗಾಗಿ ಮೂಡುತ್ತದೆ. ಚಿತ್ರ ಪೂರ್ತಿ ಒಂದು ಕಡೆ ಸರಿದಿರುವುದೂ ಉಂಟು. ಇಂಥದಕ್ಕೆ ಒಳ್ಳೆ ಬೆಲೆ ಇದೆ. ರೈಲು ಹಳಿ ಮೇಲೆ ಇಟ್ಟು ಚಪ್ಪಟೆ ಮಾಡಿದ್ದಕ್ಕೆ ಇಲ್ಲ. ಎರಡೂ ಕಡೆ ಒಂದೇ ಚಿತ್ರ ಇದ್ದರೆ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ, ಎರಡು ನಾಣ್ಯ ಕೊರೆದು ಜೋಡಿಸಿದ ಗೆರೆ ಕಾಣಬಹುದು.

ಬೆಲೆ ನೋಡುವಾಗಲೂ ಹುಷಾರು. ಆನ್‌ಲೈನ್‌ನಲ್ಲಿ ಯಾರೋ ಎರಡು ಲಕ್ಷ ಅಂತ ಬರೆದಿದ್ದರೆ ಅದು ಅವರ ಆಸೆ. ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು ಅನ್ನುವುದು ಬೆಲೆ. 2012ರ ವೈಷ್ಣೋದೇವಿ ನಾಣ್ಯದ ಬಗ್ಗೆ ಲಕ್ಷದ ಮಾತು ಕೇಳಿರುತ್ತೀರಿ. ಬಳಸಿದ ನಾಣ್ಯವಾದರೆ ಅದಕ್ಕೆ ಲಕ್ಷ ಕೊಡುವವರು ಯಾರೂ ಇಲ್ಲ.

ವಿಜಯಪುರ, ಬಾದಾಮಿ ಕಡೆಯ ರೈತರಿಗೆ ಒಂದು ಮಾತು. ಹೊಲ ಹರಗುವಾಗ ಹಳೆ ನಾಣ್ಯ ಸಿಗಬಹುದು. ಅದು ದುಂಡಗೇ ಇರಬೇಕು ಅಂತಿಲ್ಲ. ಎರಡನೇ ಅಲಿ ಆದಿಲ್ ಶಾಹನ ಲಾರಿ ಅನ್ನುವ ನಾಣ್ಯ ಮಡಚಿದ ಬೆಳ್ಳಿ ತಂತಿ ಅಷ್ಟೇ, ಮೇಲೆ ಅಕ್ಷರದ ಅಚ್ಚು. ತಂತಿ ಅಂತ ಅಕ್ಕಸಾಲಿಗೆ ಕೊಟ್ಟು ಕರಗಿಸಬೇಡಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು, ಅದು ಕಾನೂನು.

[ಡಬ್ಬಿ ಮತ್ತೆ ತುಂಬುತ್ತಿದೆ.]

ಕಾಕಾನ ಡಬ್ಬಿಯಲ್ಲಿ ಇದ್ದದ್ದು 43 ನಾಣ್ಯ. ಅದರಲ್ಲಿ ಬೆಳ್ಳಿಯವು ಎರಡು. ಉಳಿದವನ್ನೆಲ್ಲ ಮೊಮ್ಮಗಳು ಇಸವಿ ಪ್ರಕಾರ ಜೋಡಿಸಿಕೊಂಡಳು. ಬಸವಣ್ಣನ ನಾಣ್ಯಕ್ಕೆ ಎಷ್ಟು ಬರುತ್ತದೆ ಅಂತ ಕಾಕಾ ಕೇಳಿದರು. ಇಷ್ಟು ಸವೆದಿರುವುದಕ್ಕೆ ಐದು ರೂಪಾಯಿಯೇ ಅಂದೆ. 'ಆತು ಬಿಡು, ಅಲ್ಲೇ ಇಡ್ತೀನಿ' ಅಂತ ಜಗಲಿ ಮೇಲೆ ವಾಪಸ್ ಇಟ್ಟರು.