ಮೊದಲು ಖಾಲಿ ಜಾಗ ನೋಡಿ

ಕೇಳುಗರಿಗೆ ನಮಸ್ಕಾರ. ಇಪ್ಪತ್ತನೇ ಶತಮಾನದ ಆರಂಭದ ಅಪಾರ್ಟ್‌ಮೆಂಟ್ ಕಂಡರೆ ಎಲ್ಲರೂ ಕತ್ತೆತ್ತಿ ಮುಂಭಾಗದ ಕೆತ್ತನೆ ನೋಡುತ್ತಾರೆ. ನೋಡಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಕಟ್ಟಡ ಎಲ್ಲಿ ಖಾಲಿ ಬಿಟ್ಟಿದೆ ನೋಡಿ.

ಆಗಿನ ನ್ಯೂಯಾರ್ಕಿನ ಬಾಡಿಗೆ ಕಟ್ಟಡಗಳಲ್ಲಿ ನಿವೇಶನ ಸಾಮಾನ್ಯವಾಗಿ 25 ಅಡಿ ಅಗಲ, 100 ಅಡಿ ಉದ್ದ. ಪ್ರತಿ ಕೋಣೆಗೂ ಕಿಟಕಿ ಇರಲೇಬೇಕು ಎಂದಿತು 1879ರ ಕಾನೂನು. ಕಟ್ಟುವವರು ಜಾಣರು. ಪಕ್ಕದ ಗೋಡೆಯನ್ನು ನಡುಭಾಗದಲ್ಲಿ ಸುಮಾರು 28 ಅಂಗುಲ ಒಳಕ್ಕೆಳೆದು ಅಲ್ಲಿ ಕಿಟಕಿ ಇಟ್ಟರು. ಮಗ್ಗುಲ ಕಟ್ಟಡದ್ದೂ ಸೇರಿದರೆ ಐದಡಿಯೂ ಇಲ್ಲದ ಕಿಂಡಿ, ಐದಾರು ಮಹಡಿ ಆಳ! ತಳಕ್ಕೆ ಬೆಳಕು ಇಳಿಯಲಿಲ್ಲ, ಕಸ ಇಳಿಯಿತು. ಬೆಂಕಿ ಬಿದ್ದರೆ ಕಿಂಡಿಯೇ ಹೊಗೆಗೂಡು. 1901ರಲ್ಲಿ ಹೊಸ ಕಾನೂನು ಬಂತು: ಸಾಲಿನ ನಡುವಿನ ನಿವೇಶನದಲ್ಲಿ ಶೇ 70ಕ್ಕಿಂತ ಹೆಚ್ಚು ಕಟ್ಟಬಾರದು, ಕಿಂಡಿ ಹೋಗಿ ಅಂಗಳ ಬರಬೇಕು, ಮನೆಮನೆಗೂ ಶೌಚಾಲಯ ಬೇಕು.

ಈಗ ಪ್ಯಾರಿಸ್ಸಿಗೆ ಬನ್ನಿ. ಇದನ್ನು ಅವಸರದಲ್ಲಿ ಹೇಳಲಾರೆ. ರ್ಯೂ ಫ್ರಾಂಕ್ಲಿನ್ ಬೀದಿಯ ‘25 ಬಿಸ್’ ಸಂಖ್ಯೆಯ ಅಪಾರ್ಟ್‌ಮೆಂಟ್, ಕಟ್ಟಿದ್ದು 1903–04ರಲ್ಲಿ. ನಿವೇಶನದ ಆಳ ಕಡಿಮೆ, ಎರಡೂ ಮಗ್ಗುಲು ಕಟ್ಟಡ. ಹಿಂದೆ ಅಂಗಳ ಬಿಟ್ಟರೆ ಕೋಣೆಗೆ ಜಾಗವೇ ಉಳಿಯದು. ವಾಸ್ತುಶಿಲ್ಪಿ ಒಗ್ಯುಸ್ತ್ ಪೆರೆ ಏನು ಮಾಡಿದ? ಅಂಗಳವನ್ನೇ ಎತ್ತಿ ಬೀದಿಯ ಕಡೆಗಿಟ್ಟ! ಮುಂಭಾಗ ‘ಯು’ ಆಕಾರದಲ್ಲಿ ಒಳಕ್ಕೆ ಬಾಗಿತು. ಪ್ರತಿ ಮಹಡಿಯ ಐದು ಮುಖ್ಯ ಕೋಣೆಗಳಿಗೂ ಬೀದಿಯ ಬೆಳಕು ಸಿಕ್ಕಿತು. ಹಿಂಬದಿ ನೆರೆಯವರ ಕಡೆಗೆ ಕಿಟಕಿ ತೆರೆಯುವಂತಿಲ್ಲ. ಅಲ್ಲಿ ಮೆಟ್ಟಿಲು ಇಟ್ಟು ಗಾಜಿನ ಇಟ್ಟಿಗೆಯ ಗೋಡೆ ಕಟ್ಟಿದ. ಬೆಳಕು ಬರುತ್ತದೆ, ಆಚೆಯದು ಕಾಣುವುದಿಲ್ಲ.

ಭಾರ ಹೊರುವ ಕಲ್ಲುಗೋಡೆಯಿಂದ ಇದು ಆಗುವ ಮಾತಲ್ಲ. ಅದನ್ನು ಹೀಗೆ ಮಡಚಿ, ಇಷ್ಟಗಲ ಕಿಟಕಿ ಕೊರೆಯಲಾಗದು. ಇಲ್ಲಿ ಭಾರ ಹೊತ್ತದ್ದು ಬಲವರ್ಧಿತ ಕಾಂಕ್ರೀಟಿನ, ಅಂದರೆ ಒಳಗೆ ಉಕ್ಕಿನ ಸರಳಿಟ್ಟ ಕಾಂಕ್ರೀಟಿನ, ಕಂಬ ಮತ್ತು ತೊಲೆ. ಕಂಬಗಳ ನಡುವಿನ ಗೋಡೆ ಭಾರ ಹೊರದ, ಬರೀ ಮುಚ್ಚುವ ತೆಳು ಹಲಗೆಯಂತೆ. ಮೇಲೆ ಪಿಂಗಾಣಿ ಬಿಲ್ಲೆ ಹೊದಿಕೆ: ಕಂಬಕ್ಕೆ ಸಾದಾ, ಹಲಗೆಗೆ ಎಲೆಯ ಚಿತ್ತಾರ. ಯಾವುದು ಹೊರುತ್ತದೆ, ಯಾವುದು ಮುಚ್ಚುತ್ತದೆ ಅಂತ ಬೀದಿಯಿಂದಲೇ ಓದಬಹುದು. ಆ ಎಲೆಗಳ ಫೋಟೊ ತೆಗೆದುಕೊಂಡು ‘ಯು’ ನೋಡದೆ ಹೋಗುವವರಿಗೆ ಏನು ಹೇಳಲಿ!

ಸಮಯ ಮುಗಿಯುತ್ತ ಬಂತು. ಒಳಚರಂಡಿ, ಸೇವಕರ ಮೆಟ್ಟಿಲು ಬಿಟ್ಟೇಬಿಡುತ್ತೇನೆ. ಲಿಫ್ಟ್ ಬಗ್ಗೆ ಒಂದೇ ಮಾತು. ಹಳೆಯ ಕಟ್ಟಡಗಳಲ್ಲಿ ಅದನ್ನು ಆಮೇಲೆ ಕೂಡಿಸಿದಾಗ ಸುತ್ತುಮೆಟ್ಟಿಲ ನಡುವಿನ ಟೊಳ್ಳಿನಲ್ಲೇ ತುರುಕಿದರು. ಮೇಲಿನ ಮಹಡಿಗೆ ಬೆಲೆ ಬಂತು, ಮೆಟ್ಟಿಲಿಗೆ ಕತ್ತಲೆ ಕವಿಯಿತು. ನಮಸ್ಕಾರ.